ಮನೆ ನೋಡಲು ಬಂದವರು ಗೋಡೆಯ ಬುಡ ನೋಡುತ್ತಾರೆ

ಕಾರವಾರ, ಅಂಕೋಲಾ, ಕುಮಟಾ ಕಡೆ ಹಳೇ ಮನೆ ಮಾರುವ ಮಾತು ಏಳುವುದು ಹೆಚ್ಚಾಗಿ ಚೌತಿಯಲ್ಲಿ. ಮುಂಬೈ, ಗೋವಾ, ಬೆಂಗಳೂರಿನಲ್ಲಿದ್ದವರೆಲ್ಲ ಒಂದೇ ಮಾಡಿನಡಿ ಸೇರಿರುತ್ತಾರೆ. ಊಟವಾದ ಮೇಲೆ ಜಗುಲಿಯಲ್ಲಿ ಶುರುವಾದ ಚರ್ಚೆ "ದೀಪಾವಳಿಯೊಳಗೆ ಬಣ್ಣ ಹೊಡೆಸಿ ತೋರಿಸಿಬಿಡೋಣ" ಎಂಬಲ್ಲಿಗೆ ಮುಗಿಯುತ್ತದೆ. ಎಡವುವುದು ಅಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಕುಡಿದ ಚಿರೆಕಲ್ಲಿನ (ಜಂಬಿಟ್ಟಿಗೆಯ) ಗೋಡೆ ಅಕ್ಟೋಬರ್‌ನಲ್ಲಿ ಹೊರಗೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಇರುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಎಮಲ್ಶನ್ ಬಳಿದರೆ ಒಳಗಿನ ಪಸೆಗೆ ಹೊರಬರುವ ದಾರಿ ಮುಚ್ಚಿತು. ಸಂಕ್ರಾಂತಿಯ ಹೊತ್ತಿಗೆ ಬಣ್ಣ ಗುಳ್ಳೆಯೆದ್ದು ಹಪ್ಪಳದ ಹಾಗೆ ಕಳಚುತ್ತದೆ. ಇನ್ನು ನೆಲದಿಂದ ಮೂರಡಿಯವರೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರಂತೂ ಕರಾವಳಿಯ ಗಿರಾಕಿಗೆ ಬೇರೆ ಏನೂ ಹೇಳಬೇಕಾಗಿಲ್ಲ.

ಚೌತಿಗೆ ತೀರ್ಮಾನ, ಅಕ್ಟೋಬರ್-ನವೆಂಬರ್‌ನಲ್ಲಿ ದುರಸ್ತಿ, ಡಿಸೆಂಬರ್ ಕೊನೆ ಅಥವಾ ಜನವರಿಯಲ್ಲಿ ಬಣ್ಣ, ಆಮೇಲೆ ಮೇ ತಿಂಗಳವರೆಗೆ ತೋರಿಸುವುದು. ಈ ಲೆಕ್ಕದಲ್ಲಿ ನಡೆದರೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು ಸುರಿಯಬೇಕಾಗುವುದಿಲ್ಲ.

ಗೋಡೆ ಒಣಗಿದೆಯೇ ಎಂದು ನೋಡಲು ಯಂತ್ರ ಬೇಕಿಲ್ಲ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಯ ಬುಡದ ಹತ್ತಿರ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಅಂಟಿಸಿ, ಒಂದು ದಿನ ಪೂರ್ತಿ ಬಿಡಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕಂಡರೆ ಪಸೆ ಗೋಡೆಯೊಳಗಿನದು, ಬಣ್ಣಕ್ಕೆ ಇನ್ನೂ ಕಾಯಬೇಕು. ಹನಿ ಹೊರಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದರೆ ಕಡಿಮೆಯಾಗುತ್ತದೆ. ಕಲೆಯ ಆಕಾರವೂ ಕಾರಣ ಹೇಳುತ್ತದೆ. ನೆಲದಿಂದ ಎರಡು-ಮೂರಡಿ ಎತ್ತರದಲ್ಲಿ ಗೆರೆ ಎಳೆದಂತೆ ನಿಂತಿದ್ದರೆ ಪಾಯದಿಂದ ಏರಿದ ನೀರು. ಮೇಲಿನಿಂದ ಇಳಿದ ಕಂದು ಗೀರಾದರೆ ಹೆಂಚು. ಬೇಸಿಗೆಯಲ್ಲೂ ಆರದೆ ಒಂದೇ ಕಡೆ ಇರುವ ದುಂಡನೆಯ ಕಲೆಯಾದರೆ ಪೈಪು.

ಪಾಯದಿಂದ ನೀರು ಏರುವುದಕ್ಕೆ ಹಳೇ ಮನೆಗಳಲ್ಲಿ ಸಾಮಾನ್ಯ ಕಾರಣ ಅಂಗಳದ ಮಣ್ಣು. ವರ್ಷವರ್ಷ ಮಣ್ಣು ಹಾಕಿ ಹಾಕಿ ಅಂಗಳ ಎತ್ತರವಾಗಿ, ಪಂಚಾಂಗದ ಕಲ್ಲು, ಅಂದರೆ ಗೋಡೆ ಕೂತಿರುವ ನೆಲಗಟ್ಟಿನ ಕಲ್ಲು, ಅರ್ಧ ಹೂತುಹೋಗಿರುತ್ತದೆ. ಮನೆಯ ಸುತ್ತ ಎರಡಡಿ ಅಗಲಕ್ಕೆ ಮಣ್ಣು ತೆಗೆಸಿ. ಮನೆಯೊಳಗಿನ ನೆಲದ ಮಟ್ಟಕ್ಕಿಂತ ಹೊರಗಿನ ಮಣ್ಣು ಅರ್ಧ ಅಡಿಯಾದರೂ ಕೆಳಗಿರಲಿ. ತೆಗೆದ ಜಾಗಕ್ಕೆ ಜಲ್ಲಿ ತುಂಬಿದರೆ ಮಾಡಿನಿಂದ ಬೀಳುವ ನೀರು ಗೋಡೆಗೆ ಸಿಡಿಯುವುದೂ ನಿಲ್ಲುತ್ತದೆ. ಬಣ್ಣದ ಡಬ್ಬಕ್ಕಿಂತ ಕಡಿಮೆ ಖರ್ಚಿನ ಕೆಲಸ ಇದು, ಆದರೆ ಮಾಡಿಸುವವರು ಕಡಿಮೆ.

ಗೋಡೆಯ ಮೇಲೆ ಬಿಳಿ ಉಪ್ಪು ಹೊಮ್ಮಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಉಪ್ಪು ಕರಗಿ ಮತ್ತೆ ಗೋಡೆಯೊಳಕ್ಕೆ ಹೋಗುತ್ತದೆ, ಒಣಗಿದಾಗ ಪುನಃ ಹೊರಗೆ ಬರುತ್ತದೆ. ಒಣ ಬ್ರಶ್‌ನಿಂದ ಉಜ್ಜಿ, ಉದುರಿದ ಪುಡಿಯನ್ನು ಗುಡಿಸಿ ಹೊರಗೆ ಹಾಕಿ. ಸುಣ್ಣದ ಗಾರೆಯ ಗೋಡೆಗೆ ಸುಣ್ಣವೇ ಒಳ್ಳೆಯದು, ಅದು ಪಸೆಯನ್ನು ಹಿಡಿದಿಡದೆ ಬಿಟ್ಟುಕೊಡುತ್ತದೆ. ಅಂಥ ಗೋಡೆಯ ಬುಡಕ್ಕೆ ಸಿಮೆಂಟ್ ಗಿಲಾವು ಮಾಡಿಸಿದರೆ ಪಸೆ ಅಲ್ಲಿ ನಿಲ್ಲದೆ ಇನ್ನಷ್ಟು ಮೇಲಕ್ಕೆ ಹತ್ತುತ್ತದೆ. ಮೂರಡಿಯಲ್ಲಿದ್ದ ಕಲೆ ಐದಡಿಗೆ ಹೋಗುವುದು ಹೀಗೆ.

ಕಪ್ಪು ಬೂಷ್ಟಿಗೆ ಬ್ಲೀಚಿಂಗ್ ಪೌಡರ್ ಸಾಕು. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಕಲಸಿ, ತಿಳಿಯಾದ ನೀರನ್ನು ಹಚ್ಚಿ, ಹದಿನೈದು ನಿಮಿಷ ಬಿಟ್ಟು ತೊಳೆಯಿರಿ. ಬಚ್ಚಲಿಗೆ ಹಾಕುವ ಆ್ಯಸಿಡ್ ಜೊತೆ ಅದನ್ನು ಯಾವ ಕಾರಣಕ್ಕೂ ಬೆರೆಸಬೇಡಿ, ಏಳುವ ಹೊಗೆ ವಿಷ. ಅಂಗಳದ ಕಲ್ಲಿನ ಹಾವಸೆ ತೆಗೆಯಲು ಪ್ರೆಶರ್ ಪಂಪು ಬಾಡಿಗೆಗೆ ತರುವ ಚಾಳಿ ಈಗ ಹೆಚ್ಚಾಗಿದೆ. ಗ್ರಾನೈಟ್‌ಗೆ ಅಡ್ಡಿಯಿಲ್ಲ. ಚಿರೆಕಲ್ಲು ಮೆದು, ಮೈ ಕೆತ್ತಿಹೋಗಿ ತೂತುತೂತಾಗುತ್ತದೆ. ಗಟ್ಟಿ ಹಿಡಿಸೂಡಿ ಮತ್ತು ರಟ್ಟೆಯೇ ಸರಿ.

ಮಾಡಿನ ವಿಷಯ. ಮಂಗಳೂರು ಹೆಂಚಾದರೆ ನೂರು ಚದರಡಿಗೆ ಸುಮಾರು 140 ಹೆಂಚು ಬೇಕು. ಒಡೆದವನ್ನಷ್ಟೇ ಬದಲಿಸುವಾಗ ಹಳೇ ಹೆಂಚೊಂದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಬೇಕು. ಒಂದು ಕಾರ್ಖಾನೆಯ ಹೆಂಚಿನ ಗಾಡಿ (ಒಂದಕ್ಕೊಂದು ಕೂರುವ ಅಂಚಿನ ತೋಡು) ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ, ಕೂತಂತೆ ಕಂಡರೂ ಗಾಳಿಮಳೆಗೆ ಸಂದಿನಲ್ಲಿ ನೀರು ನುಗ್ಗುತ್ತದೆ. ಹೆಂಚು ಒಡೆಯುವುದು ಮಂಗ ಹಾರಿದ್ದರಿಂದ, ತೆಂಗಿನಕಾಯಿ ಬಿದ್ದದ್ದರಿಂದ, ಅದಕ್ಕಿಂತ ಹೆಚ್ಚಾಗಿ ದುರಸ್ತಿಗೆ ಹತ್ತಿದವರ ಕಾಲಿನಿಂದ. ನೆತ್ತಿಯ ಹೆಂಚಿನ ಗಾರೆ ಬಿರಿದಿದೆಯೇ, ಎರಡು ಮಾಡು ಕೂಡುವಲ್ಲಿನ ತಗಡಿನ ದೋಣಿಯಲ್ಲಿ ತರಗೆಲೆ ಕಟ್ಟಿದೆಯೇ ನೋಡಿಸಿ, ಸೋರಿಕೆ ಬಹುಪಾಲು ಅಲ್ಲಿಂದಲೇ. ಅಡುಗೆಮನೆ ಕತ್ತಲಾಗಿದ್ದರೆ ಎರಡು ಗಾಜಿನ ಹೆಂಚು ಕೂರಿಸಿ. ಹತ್ತು ಎಲ್‌ಇಡಿ ಬಲ್ಬಿನ ಬೆಳಕಿಗಿಂತ ಆ ಎರಡು ಹೆಂಚು ಕೋಣೆಯನ್ನು ದೊಡ್ಡದಾಗಿಸುತ್ತವೆ. ಉಳಿದ ಹೆಂಚನ್ನು ಕೊಟ್ಟಿಗೆಯ ಪಕ್ಕ ಜೋಡಿಸಿಡಿ, ಕೊಳ್ಳುವವರಿಗೆ ಅದೂ ಆಸ್ತಿಯೇ.

ತಾರಸಿ ಮನೆಯಾದರೆ ಶತ್ರು ಬೇರೆ. ಸಮುದ್ರದ ಉಪ್ಪುಗಾಳಿಗೆ ಕಾಂಕ್ರೀಟ್ ಒಳಗಿನ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಛಜ್ಜಾದ ಅಡಿಭಾಗ ಬಿರಿದು ಚೂರು ಉದುರುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ಒಂದೆರಡು ಮಳೆಗಾಲದಲ್ಲಿ ಅದೂ ಉದುರುತ್ತದೆ, ಒಳಗಿನ ತುಕ್ಕು ಹಾಗೇ ಉಳಿದಿರುತ್ತದಲ್ಲ. ಸಡಿಲಾದದ್ದನ್ನೆಲ್ಲ ಕೆತ್ತಿ, ಸರಳಿನ ಹಿಂಭಾಗದವರೆಗೂ ವೈರ್ ಬ್ರಶ್‌ನಿಂದ ತುಕ್ಕು ತೆಗೆದು, ತುಕ್ಕುನಿರೋಧಕ ಬಳಿದು, ಪಾಲಿಮರ್ ಬೆರೆಸಿದ ಗಾರೆ ತುಂಬಬೇಕು. ತಿಳಿದ ಮೇಸ್ತ್ರಿ ಬೆರಳಗಂಟಿನಿಂದ ಛಜ್ಜಾ ಕುಟ್ಟಿ ನೋಡುತ್ತಾನೆ, ಟೊಳ್ಳು ಸದ್ದು ಬಂದರೆ ಮುಗಿಯಿತು. ಅಷ್ಟು ಕೆಲಸ ಮಾಡಿಸಲು ಮನಸ್ಸಿಲ್ಲದಿದ್ದರೆ ಮುಟ್ಟದೇ ಬಿಟ್ಟು ಬೆಲೆಯಲ್ಲಿ ಇಳಿಸಿ. ಅರ್ಧಂಬರ್ಧ ಮೆತ್ತಿದ್ದು ಉಳಿದ ಮನೆಯ ಮೇಲೂ ಅನುಮಾನ ತರುತ್ತದೆ.

ಮಾಡಿನ ಮರಗಳಾದ ಪಕಾಸು, ರೀಪು, ಜೊತೆಗೆ ಬಾಗಿಲ ಚೌಕಟ್ಟನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ಮೊನೆ ಸಲೀಸಾಗಿ ಒಳಗಿಳಿದರೆ ಗೆದ್ದಲು ತಿಂದಿದೆ. ಮಣ್ಣಿನ ಗೆರೆಯನ್ನು ಬರೀ ಕೆರೆದು ಬಣ್ಣ ಬಳಿಯುವುದು ವ್ಯರ್ಥ. ಗೋಡೆ-ನೆಲ ಕೂಡುವಲ್ಲಿ ಒಂದಡಿಗೊಂದರಂತೆ ತೂತು ಕೊರೆದು ಔಷಧಿ ಇಳಿಸುವ ಪದ್ಧತಿ ಇದೆ. ಮಾಡಿಸಿದರೆ ಬಿಲ್ಲು, ಗ್ಯಾರಂಟಿ ಚೀಟಿ ಜೋಪಾನ ಮಾಡಿ. ಬಾವಿ ಎಲ್ಲಿದೆ ಎಂದು ಔಷಧಿ ಇಳಿಸುವವರಿಗೆ ಮೊದಲೇ ತೋರಿಸಿ, ಅದರ ಆಸುಪಾಸಿನಲ್ಲಿ ವಿಷ ಇಳಿಯಕೂಡದು.

ಬಾವಿಯ ಬಗ್ಗೆ ಇನ್ನಷ್ಟು ಹೇಳಬೇಕು. ಕಾರವಾರದ ಕೋಡಿಬಾಗ, ಸದಾಶಿವಗಡದಂಥ ನದೀಮುಖದ ಕಡೆ, ಸಮುದ್ರಕ್ಕೆ ತಾಗಿದ ಊರುಗಳಲ್ಲಿ ಬರುವ ಮೊದಲ ಪ್ರಶ್ನೆ, "ಬೇಸಿಗೆಯಲ್ಲಿ ನೀರು ಉಪ್ಪಾಗ್ತದ?" ಬಾವಿನೀರು ಅತಿ ಹೆಚ್ಚು ಉಪ್ಪಾಗುವುದು ಏಪ್ರಿಲ್-ಮೇನಲ್ಲಿ, ಸಿಹಿನೀರಿನ ಮಟ್ಟ ತಗ್ಗಿದಾಗ. ಹಾಗಾಗಿ ಡಿಸೆಂಬರ್‌ನ ಪರೀಕ್ಷಾ ವರದಿಗೆ ತೂಕವಿಲ್ಲ, ಮೇ ತಿಂಗಳ ವರದಿ ಇಟ್ಟುಕೊಳ್ಳಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂವರೆಗೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1000ದವರೆಗೆ ನಡೆಯುತ್ತದೆ. ಕರಗಿದ ಒಟ್ಟು ಲವಣಕ್ಕೆ ಅದೇ ರೀತಿ 500 ಮತ್ತು 2000. ಅದೇ ಹೊತ್ತಿಗೆ ಬಾವಿಯ ಕೆಸರು ತೆಗೆಸಿ, ಬ್ಲೀಚಿಂಗ್ ಹಾಕಿ. ಪ್ರತಿ ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಅಂದರೆ 24 ಗ್ರಾಂ ಸಾಕು. ಹಿಡಿಹಿಡಿ ಸುರಿದರೆ ಬಂದವರಿಗೆ ಕುಡಿಯಲು ಕೊಟ್ಟ ನೀರು ಈಜುಕೊಳದ ವಾಸನೆ ಹೊಡೆಯುತ್ತದೆ. ಶೌಚದ ಗುಂಡಿ ಬಾವಿಯಿಂದ ಎಷ್ಟು ದೂರ ಎಂದು ಅಳೆದಿಡಿ, 15 ಮೀಟರ್‌ಗಿಂತ ಕಡಿಮೆಯಿದ್ದರೆ ಆ ಪ್ರಶ್ನೆಗೆ ಉತ್ತರ ತಯಾರಿರಬೇಕು.

ಮನೆಯ ಹಿಂದಿನ ದರೆಯನ್ನು, ಅಂದರೆ ಗುಡ್ಡ ಕಡಿದಲ್ಲಿನ ಕಡಿದಾದ ಮಣ್ಣಿನ ಮೈಯನ್ನು, ಮೊದಲು ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಕುಸಿದ ಮೇಲೆ ಗುಡ್ಡದ ಬುಡದ ಮನೆ ನೋಡಲು ಬಂದವರು ನೇರ ಹಿತ್ತಲಿಗೇ ಹೋಗುತ್ತಾರೆ. ದರೆಗೆ ಕಟ್ಟಿದ ಗೋಡೆಯಲ್ಲಿ ನೀರು ಹೊರಬೀಳಲು ಇಟ್ಟ ಪೈಪುಗಳು ಮಣ್ಣು, ಬೇರಿನಿಂದ ಮುಚ್ಚಿರುತ್ತವೆ. ಒಂದೊಂದನ್ನೂ ಸರಳು ಹಾಕಿ ಬಿಡಿಸಿ. ಗೋಡೆಯ ಹಿಂದೆ ನೀರು ನಿಂತರೆ ಗೋಡೆ ಉಬ್ಬುತ್ತದೆ, ಉಬ್ಬಿದ್ದು ಒಂದು ದಿನ ಬೀಳುತ್ತದೆ. ಕಾಳಿ, ಗಂಗಾವಳಿ ನದಿಗಳ ದಂಡೆಯವರು 2019ರ ನೆರೆ ಎಲ್ಲಿಯವರೆಗೆ ಬಂದಿತ್ತು ಎಂದು ಹೇಳಲು ಸಿದ್ಧರಿರಬೇಕು. ನೀವು ಹೇಳದಿದ್ದರೆ ಪಕ್ಕದ ಮನೆಯವರು ಹೇಳುತ್ತಾರೆ, ಒಂದಡಿ ಹೆಚ್ಚೇ ಸೇರಿಸಿ.

ಇದಕ್ಕೆಲ್ಲ ಅತ್ಯುತ್ತಮ ಸಾಕ್ಷಿ ಜುಲೈನಲ್ಲಿ ಮೊಬೈಲಿನಲ್ಲಿ ತೆಗೆದ ವಿಡಿಯೊ. ಜೋರು ಮಳೆಯಲ್ಲಿ ಅಂಗಳದ ನೀರು ಯಾವ ಕಡೆ ಹರಿಯುತ್ತದೆ, ಅಟ್ಟದೊಳಗಿಂದ ಮಾಡು ಹೇಗೆ ಕಾಣುತ್ತದೆ, ರಸ್ತೆಯಿಂದ ಮನೆಗೆ ಬರುವ ದಾರಿ, ದರೆ, ಬಾವಿಕಟ್ಟೆ. ಒಂದೊಂದು ನಿಮಿಷ ಸಾಕು. ಜನವರಿಯ ಬಿಸಿಲಿನಲ್ಲಿ ಎಲ್ಲ ಮನೆಯೂ ಚಂದವೇ.

ಕಾಗದಪತ್ರಗಳನ್ನು ತೋರಿಸುವ ದಿನಕ್ಕಿಂತ ಮುಂಚೆ ಒಂದು ಫೈಲಿನಲ್ಲಿ ಜೋಡಿಸಿಡಿ. ಪಂಚಾಯತಿ ಆಸ್ತಿಗೆ ಇ-ಸ್ವತ್ತಿನ (ಪಂಚಾಯತಿಯ ಗಣಕೀಕೃತ ಆಸ್ತಿ ದಾಖಲೆ) ನಮೂನೆ 9 ಮತ್ತು 11ಎ, ನಗರಸಭೆ-ಪುರಸಭೆ ವ್ಯಾಪ್ತಿಯಲ್ಲಿ ಇ-ಖಾತಾ, ಋಣಭಾರ ಪ್ರಮಾಣಪತ್ರ, ಮೂಲ ಕ್ರಯಪತ್ರ ಅಥವಾ ಪಾಲುಪಟ್ಟಿ, ತೆರಿಗೆ ರಸೀದಿ, ಹೆಸ್ಕಾಂನ ಕರೆಂಟ್ ಬಿಲ್ಲು. ಮೀಟರ್ ಇನ್ನೂ ಅಜ್ಜನ ಹೆಸರಿನಲ್ಲಿರುವ ಮನೆಗಳು ಬೇಕಾದಷ್ಟಿವೆ. ಕ್ರಮಬದ್ಧವಲ್ಲದ ಆಸ್ತಿಗೆ ಕೊಡುವ ನಮೂನೆ 11ಬಿ ಇದ್ದರೆ ಬ್ಯಾಂಕ್ ಸಾಲಕ್ಕೆ ತೊಡಕಾಗುವುದು ಸಾಮಾನ್ಯ, ಮೊದಲೇ ಹೇಳಿಬಿಡಿ. ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿದ್ದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಬರುತ್ತದೆ, ಉಬ್ಬರದ ನೀರು ಹತ್ತುವ ನದಿದಂಡೆಗೂ ಅದು ಅನ್ವಯ. "ಮೇಲೊಂದು ಮಾಳಿಗೆ ಎಬ್ಬಿಸಬಹುದು" ಎಂದು ಬಾಯಿಮಾತಿನಲ್ಲಿ ಆಸೆ ಹುಟ್ಟಿಸಬೇಡಿ. ಶಿರಸಿ ಕಡೆ ತೋಟದ ಮನೆ ತೋರಿಸುವವರು ಸೊಪ್ಪಿನ ಬೆಟ್ಟವನ್ನು (ತೋಟಕ್ಕೆ ಸೊಪ್ಪು ತರುವ ಕಾಡು) ಸ್ವಂತ ಜಮೀನಿನ ಲೆಕ್ಕಕ್ಕೆ ಸೇರಿಸಿ ಎಕರೆ ಹೇಳುವುದೂ ಇಂಥದ್ದೇ ತಪ್ಪು. ಅದು ತೋಟದ ಜೊತೆ ಬರುವ ಬಳಕೆಯ ಹಕ್ಕು, ಒಡೆತನವಲ್ಲ.

ಎಲ್ಲಕ್ಕಿಂತ ಹೆಚ್ಚು ವ್ಯಾಪಾರ ಮುರಿಯುವುದು ಸಹಿಯಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಮದುವೆಯಾಗಿ ಹೋದ ಅಕ್ಕ-ತಂಗಿಯರನ್ನು ಬಿಟ್ಟು ಮನೆ ತೋರಿಸಿ, ಮುಂಗಡ ತೆಗೆದುಕೊಂಡು, ಆಮೇಲೆ ಒಪ್ಪಿಗೆ ಕೇಳಲು ಹೋದರೆ ಸಿಟ್ಟು ಸಹಜ. ಮುಂಗಡವಾಗಲಿ ಉಳಿದ ಹಣವಾಗಲಿ, 20,000 ರೂಪಾಯಿ ಮತ್ತು ಅದರ ಮೇಲಿನದನ್ನು ನಗದಾಗಿ ಪಡೆಯುವಂತಿಲ್ಲ, ಬ್ಯಾಂಕಿನ ಮೂಲಕವೇ ಬರಬೇಕು.

ಗಡಿಕಲ್ಲಿನ ಸುತ್ತ ಗಿಡಗಂಟಿ ಸವರಿಸಿ, ಬಂದವರನ್ನು ಗಡಿಯ ಮೇಲೆ ನಡೆಸಿ. ದಾರಿಯ ಅಗಲ ಅಳೆದಿಡಿ. ಕಾರು ಬರುತ್ತದೆ ಎಂದರೆ ಸಾಲದು, ನೀರಿನ ಟ್ಯಾಂಕರ್, ಆ್ಯಂಬುಲೆನ್ಸ್ ಬರುತ್ತದೆಯೇ ಎಂದು ಕೇಳುತ್ತಾರೆ.

ತೋರಿಸುವ ದಿನ. ಬೀಗ ಹಾಕಿದ ಮನೆಯಾದರೆ ವಾರ ಮುಂಚಿನಿಂದಲೇ ದಿನಾ ಹತ್ತರಿಂದ ನಾಲ್ಕರವರೆಗೆ ಎದುರುಬದುರಿನ ಕಿಟಕಿಗಳನ್ನು ತೆರೆಯಿರಿ. ಹಳೇ ಹಾಸಿಗೆ, ಗೋಣಿಚೀಲ, ಪೇಪರಿನ ಕಟ್ಟುಗಳನ್ನು ಸಾಗಿಸಿ, ಮುಗ್ಗಲು ವಾಸನೆ ಮನೆ ಮಾಡಿರುವುದು ಅವುಗಳಲ್ಲೇ. ಬಚ್ಚಲಿನ, ಶೌಚದ ಪ್ರತಿ ತೂಬಿಗೂ ಒಂದು ಚೊಂಬು ನೀರು ಹೊಯ್ಯಿರಿ. ಬಳಸದ ಮನೆಯಲ್ಲಿ ತೂಬಿನೊಳಗೆ ತಡೆಯಾಗಿ ನಿಲ್ಲುವ ನೀರು ಆರಿ, ಗುಂಡಿಯ ವಾಸನೆ ನೇರ ಒಳಗೆ ಬರುತ್ತದೆ. ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ಬೇಗ ಆರುವುದಿಲ್ಲ. ಊದುಬತ್ತಿ, ಕರ್ಪೂರ ಬೇಡ. ಏನನ್ನೋ ಮುಚ್ಚುತ್ತಿದ್ದಾರೆ ಎನಿಸುತ್ತದೆ. ಹಿಂದಿನ ರಾತ್ರಿ ಬಂಗಡೆ ಹುರಿಯುವುದನ್ನೂ ಒಂದು ದಿನ ಮುಂದೂಡಿ, ಅಟ್ಟದ ಒಣಮೀನಿನ ಡಬ್ಬವನ್ನು ನೆಂಟರ ಮನೆಗೆ ಕಳಿಸಿ. ಬರುವವರು ಮೀನು ತಿನ್ನುವವರೇ ಆದರೂ ಬೇರೆಯವರ ಮನೆಯ ಮೀನಿನ ವಾಸನೆ ಬೇರೆಯೇ.

ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು ಒಳ್ಳೆಯ ಹೊತ್ತು, ಬೆಳಕಿರುತ್ತದೆ, ಸೆಕೆ ಏರಿರುವುದಿಲ್ಲ. ಒಬ್ಬರೇ ಮಾತಾಡಲಿ. ಅಪ್ಪ ಒಂದು ಬೆಲೆ, ಮಗ ಒಂದು ಬೆಲೆ ಹೇಳಿದರೆ ಬಂದವರಿಗೆ ಮೂರನೆಯದೊಂದು ಹೊಳೆಯುತ್ತದೆ. ಮುರುಗಲು ಪಾನಕವೋ ಮಜ್ಜಿಗೆಯೋ ಕೊಡಿ, ಕೊಟ್ಟ ಮೇಲೆ ಹತ್ತು ನಿಮಿಷ ಅವರನ್ನಷ್ಟೇ ಬಿಟ್ಟು ಹಿತ್ತಲಿಗೆ ಹೋಗಿ. ಗಂಡ-ಹೆಂಡತಿ ನಿಮ್ಮೆದುರು ಅಡುಗೆಮನೆ ಚಿಕ್ಕದಾಯಿತು ಎಂದು ಮಾತಾಡಿಕೊಳ್ಳುವುದಿಲ್ಲ. ಎರಡನೇ ಸಲ ಬರುವಾಗ ಸಾಮಾನ್ಯವಾಗಿ ಮೇಸ್ತ್ರಿ ಜೊತೆಗಿರುತ್ತಾನೆ. ಏಣಿ, ಟಾರ್ಚು ಕೈಗೆ ಸಿಗುವಂತಿಟ್ಟು, ಅಟ್ಟದ ಬಾಗಿಲು ಮೊದಲೇ ತೆಗೆದಿಡಿ.