ನಡಾವಳಿಯಲ್ಲಿ ಏಳು ಜನರ ವಿರೋಧ

ಧಾರವಾಡದಲ್ಲಿ ಆಗಸ್ಟ್ ತಿಂಗಳ ಕೊನೆ ಬಂತೆಂದರೆ ಎಂ.ಎಂ. ಕಲಬುರ್ಗಿಯವರ ಹೆಸರು ತಾನಾಗಿಯೇ ಮಾತಿಗೆ ಬರುತ್ತದೆ. 2015ರ ಆಗಸ್ಟ್ 30ರ ಬೆಳಿಗ್ಗೆ ಕಲ್ಯಾಣನಗರದ ಅವರ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಅದೇ ವರ್ಷದ ಫೆಬ್ರವರಿಯಲ್ಲಿ ಕೊಲ್ಹಾಪುರದಲ್ಲಿ ಕಮ್ಯುನಿಸ್ಟ್ ನಾಯಕ ಗೋವಿಂದ ಪಾನ್ಸರೆಯವರ ಮೇಲೂ ಹೀಗೆಯೇ ಗುಂಡು ಹಾರಿಸಿದ್ದರು. ಎಡಪಂಥೀಯರಾದ ನಮ್ಮ ಸಣ್ಣ ಅಧ್ಯಯನ ಬಳಗ ಕಳೆದ ವರ್ಷ ಆ ದಿನಕ್ಕೊಂದು ಹೇಳಿಕೆ ಹೊರಡಿಸಲು ಸೇರಿತ್ತು. ಅರ್ಧ ಗಂಟೆಯ ಕೆಲಸವೆಂದುಕೊಂಡಿದ್ದೆವು. ಸಂಜೆಯಾದರೂ ಮುಗಿಯಲಿಲ್ಲ.

ಕರಡು ಹೇಳಿಕೆಯ ಎರಡನೆಯ ಪ್ಯಾರಾದಲ್ಲಿ 'ಜನಪರ ಶಕ್ತಿಗಳ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಕಾಪಾಡಬೇಕು' ಎಂದಿತ್ತು. ರೋಣದ ಕಡೆಯಿಂದ ಬಂದು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿರುವ ಹುಡುಗಿಯೊಬ್ಬಳು ಎದ್ದು, ಅದು 'ಪ್ರತಿಯೊಬ್ಬರ' ಎಂದಾಗಬೇಕು ಎಂದು ತಿದ್ದುಪಡಿ ಮಂಡಿಸಿದಳು. ಕಲಬುರ್ಗಿಯವರು ನಮ್ಮವರಾಗಿರಲಿಲ್ಲ ಎಂಬುದು ಅವಳ ಮೊದಲ ಮಾತು. ಅವರು ಮಾರ್ಕ್ಸ್‌ವಾದಿಯಲ್ಲ, ಶಾಸನಗಳನ್ನೂ ವಚನಗಳನ್ನೂ ಜೀವಮಾನವಿಡೀ ಶೋಧಿಸಿದ ವಿದ್ವಾಂಸರು. ಎಂಬತ್ತರ ದಶಕದ ಕೊನೆಯಲ್ಲಿ ತಾವು ಬರೆದದ್ದನ್ನು ಹಿಂತೆಗೆದುಕೊಳ್ಳುವಂತೆ ಅವರ ಮೇಲೆ ಒತ್ತಡ ಬಂದದ್ದು ಸ್ವಂತ ಸಮುದಾಯದ ಒಳಗಿನಿಂದಲೇ. 'ಹೊರಗಿನವರು ಬಾಯಿ ಮುಚ್ಚಿಸಿದಾಗ ಪ್ರತಿಭಟಿಸುವುದು ಸುಲಭ. ನಮ್ಮವರೇ ಮುಚ್ಚಿಸಿದಾಗ ಏನು ಮಾಡುತ್ತೇವೆ ಎಂಬುದನ್ನು ಹೇಳಿಕೆ ಹೇಳಬೇಕು' ಎಂದಳು.

ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಇದನ್ನು ಒಪ್ಪಲಿಲ್ಲ. ಅವರ ಮಾತನ್ನು ನಾನು ಯಾವತ್ತೂ ಹಗುರವಾಗಿ ತೆಗೆದುಕೊಂಡವನಲ್ಲ. 1974ರ ಮೇ ತಿಂಗಳಲ್ಲಿ ಸುಮಾರು 17 ಲಕ್ಷ ರೈಲ್ವೆ ನೌಕರರು ನಡೆಸಿದ ಮುಷ್ಕರವನ್ನು ಒಳಗಿದ್ದು ಕಂಡವರು ಅವರು. ಸಾವಿರಾರು ಜನ ಜೈಲಿಗೆ ಹೋದದ್ದು, ಪೊಲೀಸರು ಕ್ವಾರ್ಟರ್ಸ್‌ಗೆ ನುಗ್ಗಿ ಸಂಸಾರಗಳನ್ನು ಬೀದಿಗೆ ಹಾಕಿದ್ದು, ಎಲ್ಲವನ್ನೂ ನಿನ್ನೆ ನಡೆದಂತೆ ಹೇಳುತ್ತಾರೆ. 'ಪ್ರತಿಯೊಬ್ಬರ ಸ್ವಾತಂತ್ರ್ಯ ಎಂದರೆ ಪತ್ರಿಕೆಯ ಮಾಲೀಕನ ಸ್ವಾತಂತ್ರ್ಯವೂ ಸೇರಿತು. ಅವನದು ಲಕ್ಷ ಪ್ರತಿ ಅಚ್ಚಾಗುತ್ತದೆ, ನನ್ನದು ಈ ಕೋಣೆಯಲ್ಲೇ ಉಳಿಯುತ್ತದೆ. ಗುತ್ತಿಗೆ ಕೆಲಸಗಾರ ಓವರ್‌ಟೈಮ್ ಒಲ್ಲೆ ಎಂದರೆ ನಾಳೆ ಗೇಟಿನ ಒಳಗೆ ಬಿಡುವುದಿಲ್ಲ. ಅವನ ವ್ಯಕ್ತಿ ಸ್ವಾತಂತ್ರ್ಯ ಎಲ್ಲಿದೆ ತೋರಿಸು' ಎಂದರು. ಆಮೇಲೆ ಕೇರಳಕ್ಕೆ ಬಂದರು. 1957ರಲ್ಲಿ ಜನರೇ ಆರಿಸಿದ ಇ.ಎಂ.ಎಸ್. ಅವರ ಕಮ್ಯುನಿಸ್ಟ್ ಸರ್ಕಾರವನ್ನು 1959ರ ಜುಲೈ 31ರಂದು ಕೇಂದ್ರ ವಜಾ ಮಾಡಿತು. ಚಿಲಿಯಲ್ಲಿ ಸಮಾಜವಾದಿ ಅಧ್ಯಕ್ಷ ಅಲೆಂದೆ ಚುನಾವಣೆಯಲ್ಲಿ ಗೆದ್ದು ಬಂದರೆ 1973ರಲ್ಲಿ ಸೈನ್ಯ ಅವರ ಅರಮನೆಯ ಮೇಲೆ ಬಾಂಬು ಹಾಕಿತು. ಆಟದ ನಿಯಮ ಪಾಲಿಸಬೇಕಾದವರು ನಾವು ಮಾತ್ರವೇ ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಪೊಳ್ಳಲ್ಲ. ಹೊಟ್ಟೆಗಿಲ್ಲದವನಿಗೆ ಕಾಗದದ ಮೇಲಿನ ಹಕ್ಕು ಎಷ್ಟು ದೂರ ಬರುತ್ತದೆ ಎಂದು ಕೇಳಲು ನಮಗೆ ಕಲಿಸಿದ್ದೇ ಮಾರ್ಕ್ಸ್. ಆದರೆ ಅದೇ ಮಾರ್ಕ್ಸ್ ಸಾರ್ವಜನಿಕ ಬದುಕಿಗೆ ಕಾಲಿಟ್ಟದ್ದು ಪತ್ರಿಕಾ ಸ್ವಾತಂತ್ರ್ಯದ ಪರವಾಗಿ ಬರೆಯುತ್ತ. 1842ರಲ್ಲಿ, 24ರ ಹರೆಯದಲ್ಲಿ, ಪ್ರಷ್ಯದ ಸೆನ್ಸಾರ್‌ಶಿಪ್ಪನ್ನು ಅವರು ಹಿಗ್ಗಾಮುಗ್ಗಾ ಝಾಡಿಸಿದ್ದರು. ಮರುವರ್ಷ ಸರ್ಕಾರ ಅವರು ಬರೆಯುತ್ತಿದ್ದ ಪತ್ರಿಕೆಯನ್ನೇ ಮುಚ್ಚಿಸಿತು. 1848ರ ಕಮ್ಯುನಿಸ್ಟ್ ಪ್ರಣಾಳಿಕೆಯಲ್ಲಿ ಪ್ರತಿಯೊಬ್ಬನ ಮುಕ್ತ ವಿಕಾಸವೇ ಎಲ್ಲರ ಮುಕ್ತ ವಿಕಾಸಕ್ಕೆ ಷರತ್ತು ಎಂದಿದೆ. ಮೊದಲು ಎಲ್ಲರದು, ಆಮೇಲೆ ಒಬ್ಬೊಬ್ಬರದು ಎಂದಿಲ್ಲ. ವ್ಯಕ್ತಿ ಸ್ವಾತಂತ್ರ್ಯ ಬೂರ್ಜ್ವಾಗಳ ಚಪಲ ಎಂದು ತಳ್ಳಿಹಾಕುವ ಚಾಳಿ ನಮ್ಮಲ್ಲಿ ಹೇಗೆ ಬಂತೋ, ಅದು ಆ ಪುಟಗಳಿಂದ ಬಂದದ್ದಂತೂ ಅಲ್ಲ. ನಾನು ಇಷ್ಟನ್ನು ಹೇಳಿ ಕೂತೆ.

ಮತಕ್ಕೆ ಹಾಕಿದಾಗ ತಿದ್ದುಪಡಿಯ ಪರವಾಗಿ ಏಳು ಕೈಗಳು ಮೇಲೆದ್ದವು, ನನ್ನದೂ ಸೇರಿ. ಉಳಿದವರು ವಿರುದ್ಧ. ಸೋತೆವು, ಸರಿ.

ಕಾವೇರಿದ್ದು ಇದಾದ ಮೇಲೆ. ನಡಾವಳಿ ಪುಸ್ತಕ ಸಹಿಗಾಗಿ ಒಬ್ಬರಿಂದೊಬ್ಬರಿಗೆ ಬರುತ್ತಿತ್ತು. ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ, ಅಂಚುಗಳು ಸವೆದು ನೂಲು ಎದ್ದಿತ್ತು. ನನ್ನ ಕೈಗೆ ಬಂದಾಗ ನೋಡಿದರೆ, ಅಂದಿನ ದಿನಾಂಕದ ಕೆಳಗೆ ನೀಲಿ ಶಾಯಿಯಲ್ಲಿ 'ಹೇಳಿಕೆಯನ್ನು ಸವಿಸ್ತಾರವಾಗಿ ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು' ಎಂದು ದುಂಡಗೆ ಬರೆದಿತ್ತು. ಕೆಳಗೆ ಸಹಿಗಳಿಗೆ ಗೆರೆ ಕೂಡ ಎಳೆದಾಗಿತ್ತು. ಶಾಯಿ ಒಣಗಿ ಎಷ್ಟೋ ಹೊತ್ತಾಗಿತ್ತು. ಸಭೆ ಶುರುವಾಗುವ ಮೊದಲೇ ಬರೆದಿಟ್ಟದ್ದು. ಹಿಂದಿನ ಪುಟಗಳನ್ನು ತಿರುವಿದೆ. ಪುಟದಿಂದ ಪುಟಕ್ಕೆ ಅದೇ ಅಕ್ಷರ, ಅದೇ ವಾಕ್ಯ. ಗಂಟಲು ಹರಿದುಕೊಂಡು ಜಗಳವಾಡಿದ ಸಭೆಗಳೂ ಅಲ್ಲಿ ಸರ್ವಾನುಮತವಾಗಿಯೇ ಮುಗಿದಿದ್ದವು.

ಪುಸ್ತಕವನ್ನು ಎತ್ತಿ ಓದಿ ಹೇಳಿದೆ. ಹಿರಿಯರ ಪಕ್ಕದಲ್ಲಿದ್ದವರೊಬ್ಬರು, ಅದು ವಾಡಿಕೆ, ಹೊರಗೆ ಒಗ್ಗಟ್ಟು ಕಾಣಬೇಕು, ಭಿನ್ನಾಭಿಪ್ರಾಯ ಕೋಣೆಯೊಳಗೆ ಇರಲಿ ಎಂದರು. ಚರ್ಚೆಯಲ್ಲಿ ಸ್ವಾತಂತ್ರ್ಯ, ಕ್ರಿಯೆಯಲ್ಲಿ ಏಕತೆ. ಪ್ರಜಾಸತ್ತಾತ್ಮಕ ಕೇಂದ್ರೀಕರಣದ ಈ ಪಾಠವನ್ನು ನಾವೆಲ್ಲ ಬಾಯಿಪಾಠ ಮಾಡಿದವರೇ. ಆದರೆ ಬಹುಮತದ ನಿರ್ಧಾರಕ್ಕೆ ತಲೆಬಾಗುವುದು ಬೇರೆ, ನಾನು ಒಲ್ಲೆ ಎಂದದ್ದೇ ಇಲ್ಲ ಎಂದು ಸಹಿ ಹಾಕುವುದು ಬೇರೆ. ಮೊದಲನೆಯದು ಶಿಸ್ತು. ಎರಡನೆಯದು ಸುಳ್ಳು, ಅದಕ್ಕೆ ನಾನು ಸಹಿ ಹಾಕಲಾರೆ ಎಂದೆ.

ನನಗೆ ಆಗ ತಟ್ಟನೆ ನೆನಪಾದದ್ದು ತುರ್ತು ಪರಿಸ್ಥಿತಿ. 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು, ವಿಚಾರಣೆಯಿಲ್ಲದೆ ಬಂಧಿಸಲ್ಪಟ್ಟವರು ಕೋರ್ಟಿನ ಬಾಗಿಲು ತಟ್ಟುವಂತಿಲ್ಲ ಎಂದು ತೀರ್ಪಿತ್ತರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪದೆ ಭಿನ್ನ ತೀರ್ಪು ಬರೆದರು. ಅದಕ್ಕೆ ಮುಖ್ಯ ನ್ಯಾಯಮೂರ್ತಿ ಹುದ್ದೆಯನ್ನೇ ಕಳೆದುಕೊಂಡರು. ಆದರೆ ಬರೆದದ್ದು ಉಳಿಯಿತು. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿದ ಪುಟ್ಟಸ್ವಾಮಿ ಪ್ರಕರಣದ ಪೀಠ, ಆ ನಾಲ್ವರ ತೀರ್ಪು ತಪ್ಪೆಂದು ತಳ್ಳಿಹಾಕಿ ಖನ್ನಾ ಅವರ ನಿಲುವನ್ನು ಎತ್ತಿಹಿಡಿಯಿತು. ಅಂದಿನ ದಾಖಲೆಯಲ್ಲೂ ಸರ್ವಾನುಮತ ಎಂದು ಬರೆದಿದ್ದರೆ 41 ವರ್ಷಗಳ ನಂತರ ಎತ್ತಿಹಿಡಿಯಲು ಏನಿರುತ್ತಿತ್ತು? ಎಡಪಕ್ಷಗಳೂ ಆಗ ಒಂದೇ ದಾರಿಯಲ್ಲಿರಲಿಲ್ಲ. ಸಿಪಿಐ ತುರ್ತು ಪರಿಸ್ಥಿತಿಯನ್ನು ಬೆಂಬಲಿಸಿತು, ಸಿಪಿಎಂ ವಿರೋಧಿಸಿತು. ಬೆಂಬಲಿಸಿದ್ದು ತಪ್ಪಾಯಿತೆಂದು ಸಿಪಿಐ 1978ರ ಭಟಿಂಡಾ ಮಹಾಧಿವೇಶನದಲ್ಲಿ ಒಪ್ಪಿಕೊಂಡಿತು. ಅದನ್ನು ನಾನು ಆ ಪಕ್ಷದ ದೊಡ್ಡತನವೆಂದೇ ಎಣಿಸುತ್ತೇನೆ.

ಕೋಣೆಯನ್ನು ಅಲುಗಿಸಿದ್ದು ಮಾತ್ರ ನನ್ನ ಮಾತಲ್ಲ. ನವಲಗುಂದ ಕಡೆಯ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಅಲ್ಲಿಯವರೆಗೆ ಬಾಯಿ ತೆರೆದಿರಲಿಲ್ಲ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಗೋಲಿಬಾರ್ ನಡೆದ ಸೀಮೆಯವರು. ಸರ್ಕಾರ ಇಂದಿಗೂ ಸಂಬಳವೆನ್ನದೆ ಗೌರವಧನವೆಂದು ಕೊಡುವ ಹಣಕ್ಕಾಗಿ ವರ್ಷಗಟ್ಟಲೆ ಬೀದಿಯಲ್ಲಿ ಕೂತವರು. 'ನಮ್ಮೂರ ಗ್ರಾಮಸಭೆಯಲ್ಲೂ ಹೀಗೆಯೇ. ಮೊದಲೇ ಬರೆದಿಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಅದಕ್ಕೆ ಬೇಸತ್ತೇ ನಾನು ಸಂಘಟನೆಗೆ ಬಂದೆ. ಇಲ್ಲಿಯೂ ಅದೇ ಪುಸ್ತಕವೇ?' ಎಂದು ಕೇಳಿದರು. ಅವರು ತಿದ್ದುಪಡಿಯ ವಿರುದ್ಧ ಕೈ ಎತ್ತಿದ್ದವರು. ಸೋತವರ ವಿರೋಧ ದಾಖಲಾಗಲಿ ಎಂದು ಪಟ್ಟು ಹಿಡಿದವರೂ ಅವರೇ.

ಹಳೆಯ ವಾಕ್ಯವನ್ನು ಹೊಡೆದುಹಾಕಿ, ಪಕ್ಕದಲ್ಲಿ ಏಳು ಜನರ ಹೆಸರು ಬರೆದು, ಅವರ ಕಾರಣವನ್ನು ಎರಡು ಸಾಲಿನಲ್ಲಿ ಸೇರಿಸಲಾಯಿತು. ಆಮೇಲೆ ನಾವು ಏಳೂ ಜನ ಸಹಿ ಹಾಕಿದೆವು. ಬಹುಮತದ ಹೇಳಿಕೆಯನ್ನು ಪತ್ರಿಕಾ ಕಚೇರಿಗಳಿಗೆ ತಲುಪಿಸಲು ಹೋದವಳು ತಿದ್ದುಪಡಿ ಮಂಡಿಸಿ ಸೋತ ಆ ಹುಡುಗಿಯೇ.

ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹಿಂದಿರುಗುವಾಗ ಹಿರಿಯರೂ ನಾನೂ ಒಂದೇ ಸೀಟಿನಲ್ಲಿದ್ದೆವು. ಮಳೆ ಹಿಡಿದಿತ್ತು. ನವನಗರ ಬರುವ ಹೊತ್ತಿಗೆ ಅವರು ರಷ್ಯಕ್ಕೆ ಬಂದಿದ್ದರು. ಸುತ್ತ ಶತ್ರು ಸೈನ್ಯಗಳಿರುವಾಗ ಲೆನಿನ್ ಇನ್ನೇನು ಮಾಡಬೇಕಿತ್ತು ಎಂದು ಕೇಳಿದರು. ಯುದ್ಧಕಾಲದ ಬಿಗಿಯನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ಆದರೆ ಸಂವಿಧಾನ ಸಭೆಯನ್ನು ಒಂದೇ ಬೈಠಕ್ಕಿನ ನಂತರ ವಿಸರ್ಜಿಸಿದ್ದು 1918ರ ಜನವರಿಯಲ್ಲಿ, ಅಂತರ್ಯುದ್ಧ ಪೂರ್ತಿ ಹೊತ್ತಿಕೊಳ್ಳುವ ಮೊದಲು. ಪಕ್ಷದೊಳಗಿನ ಬಣಗಳನ್ನು ನಿಷೇಧಿಸಿದ್ದು 1921ರ ಮಾರ್ಚ್‌ನಲ್ಲಿ, ಯುದ್ಧವನ್ನು ಬಹುಮಟ್ಟಿಗೆ ಗೆದ್ದ ಮೇಲೆ. ಅದೇ ದಿನಗಳಲ್ಲಿ ಕ್ರೋನ್‌ಸ್ಟಾಟ್ ನೌಕಾನೆಲೆಯ ನಾವಿಕರ ಬಂಡಾಯವನ್ನು ಹತ್ತಿಕ್ಕಲಾಯಿತು. ಭಯ ಕಡಿಮೆಯಾಗುತ್ತ ಬಂದಾಗ ಬಾಗಿಲು ಮುಚ್ಚುತ್ತ ಹೋಯಿತು. ಕ್ರಾಂತಿಯನ್ನು ಮನಸಾರೆ ಬೆಂಬಲಿಸಿದ ಮಾರ್ಕ್ಸ್‌ವಾದಿ ನಾಯಕಿ ರೋಸಾ ಲಕ್ಸೆಂಬರ್ಗ್ 1918ರಲ್ಲೇ ಜರ್ಮನಿಯ ಜೈಲಿನಲ್ಲಿ ಕೂತು ಇದನ್ನು ಬರೆದಿದ್ದರು: ಸ್ವಾತಂತ್ರ್ಯವೆಂದರೆ ಬೇರೆಯಾಗಿ ಯೋಚಿಸುವವರ ಸ್ವಾತಂತ್ರ್ಯ. 1938ರಲ್ಲಿ, ಸ್ಟಾಲಿನ್ ಕಾಲದಲ್ಲಿ, ಪಕ್ಷದ ಹಿರಿಯ ನಾಯಕ ಬುಖಾರಿನ್‌ರನ್ನು ಗುಂಡಿಟ್ಟು ಕೊಂದಾಗ ಇಲ್ಲ ಎನ್ನಲು ಪಕ್ಷದಲ್ಲಿ ಯಾರೂ ಉಳಿದಿರಲಿಲ್ಲ.

ಹಿರಿಯರು ಒಪ್ಪಲಿಲ್ಲ. 1921ರ ಬರಗಾಲವನ್ನೂ ದಿಗ್ಬಂಧನವನ್ನೂ ನೀನು ಲೆಕ್ಕಕ್ಕೆ ಹಿಡಿಯುತ್ತಿಲ್ಲ ಎಂದರು. ಕೊಲೆಗೆ ಕುಮ್ಮಕ್ಕು ಕೊಡುವವನಿಗೂ 'ಪ್ರತಿಯೊಬ್ಬರ' ಸ್ವಾತಂತ್ರ್ಯ ಸಲ್ಲುತ್ತದೆಯೇ ಎಂದು ಕೇಳಿದರು. ಸಲ್ಲದು, ಅದು ಮಾತಲ್ಲ, ಅಪರಾಧ ಎಂದೆ. ಹಾಗಿದ್ದರೆ ಆ ಗೆರೆಯನ್ನು ತಿದ್ದುಪಡಿಯಲ್ಲೇ ಸ್ಪಷ್ಟವಾಗಿ ಬರೆ ಎಂದರು. ಅದು ನ್ಯಾಯವಾದ ಮಾತು.

ರಾತ್ರಿ ಹೊಸ ಕರಡು ಬರೆದೆ. ಹಿಂಸೆಗೆ ಪ್ರಚೋದನೆಯನ್ನು ಹೊರಗಿಟ್ಟು, ನಮ್ಮನ್ನು ಟೀಕಿಸುವವರ ಹಕ್ಕನ್ನು ಹೆಸರಿಟ್ಟು ಸೇರಿಸಿ, ಮುಂದಿನ ಸಭೆಯಲ್ಲಿ ಅನುಮೋದಿಸುವಿರಾ ಎಂದು ನವಲಗುಂದದ ಆ ಕಾರ್ಯಕರ್ತೆಗೆ ಕಳಿಸಿದೆ. ಅನುಮೋದಿಸುತ್ತೇನೆ, ಆದರೆ ಇನ್ನೊಂದು ಸಾಲು ಬೇಕು ಎಂದು ಅವರು ಬರೆದರು: ಸಂಘಟನೆಯ ಪುರುಷ ಸದಸ್ಯರು ತಮ್ಮ ಮನೆಯ ಹೆಂಗಸರು ಸಭೆಗೆ ಹೋಗಲು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ ಎಂದು ಮೊದಲು ಬರೆದುಕೊಡಲಿ.