ನೋಟು ರದ್ದಾದ ವರ್ಷದಿಂದ ಲೆಕ್ಕ

9 ನವೆಂಬರ್ 2025, ಭಾನುವಾರ
ಕೋಲಾರ

ಶುಕ್ರವಾರ ಅಣ್ಣನ ಕೊಲೊನೋಸ್ಕೋಪಿ ಮುಗಿಯಿತು. ಹಿಂದಿನಿಂದ ಕ್ಯಾಮೆರಾ ಇರುವ ಪೈಪ್ ಹಾಕಿ, ದೊಡ್ಡ ಕರುಳಲ್ಲಿ ಕ್ಯಾನ್ಸರಿನ ಸುಳಿವೇನಾದರೂ ಇದೆಯಾ ಅಂತ ನೋಡಿದರು. ಅವನಿಗಿರುವುದು ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಪದರ ಊದಿ, ಹುಣ್ಣಾಗಿ, ರಕ್ತ ಬೀಳುವ ಕಾಯಿಲೆ. ಸದ್ಯಕ್ಕೆ ಆರಾಮಾಗಿದ್ದಾನೆ. ಮುದ್ದೆ ಉಣ್ಣುತ್ತಾನೆ, ಬೆಳಿಗ್ಗೆ ಎದ್ದು ಮಂಡಿಗೆ ಟೊಮೆಟೊ ಬಾಕ್ಸು ಹೊಡೆಯುತ್ತಾನೆ. ಅದಕ್ಕೇ ಪೈಪ್ ಹಾಕಿ ನೋಡಬೇಕು ಅಂದಾಗ ಅವನಿಗೆ ರೇಗಿತ್ತು. "ಚೆನ್ನಾಗಿರೋವಾಗ ಯಾಕೆ ಸಾರ್ ಕೆದಕೋದು?"

ಚೆನ್ನಾಗಿರುವಾಗಲೇ ನೋಡಬೇಕು ಅಂದರು ಡಾಕ್ಟರು. ಕರುಳು ಕೆಂಪಗೆ ಊದಿಕೊಂಡಿದ್ದರೆ, ಹುಣ್ಣು ಮಾಯುವಾಗ ಹುಟ್ಟುವ ಜೀವಕೋಶ ಯಾವುದು, ಕೆಟ್ಟದಕ್ಕೆ ತಿರುಗುತ್ತಿರುವುದು ಯಾವುದು ಅಂತ ಸೂಕ್ಷ್ಮದರ್ಶಕದಲ್ಲೂ ಬೇರೆ ಮಾಡುವುದು ಕಷ್ಟವಂತೆ. ಮಲ ಪರೀಕ್ಷೆ ಮಾಡಿಸಿದರೆ ಸಾಲದಾ ಅಂತ ಅಣ್ಣ ಇನ್ನೊಂದು ದಾರಿ ಹುಡುಕಿದ. ಆ ಪರೀಕ್ಷೆ ಹುಡುಕುವುದೇ ರಕ್ತವನ್ನು. ಈ ಕಾಯಿಲೆಯವರಲ್ಲಿ ಹುಣ್ಣಿನಿಂದಲೂ ರಕ್ತ ಬರುತ್ತದೆ, ಹಾಗಾಗಿ ಅದನ್ನು ನಂಬಿಕೊಂಡು ಕೂರುವ ಹಾಗಿಲ್ಲ.

ಆಮೇಲೆ ಬಂತು ವರ್ಷದ ಪ್ರಶ್ನೆ. "ಐದು ವರ್ಷ ಆಯ್ತು ಸಾರ್, 2020ರಲ್ಲಿ ಗೊತ್ತಾಗಿದ್ದು" ಅಂದ ಅಣ್ಣ. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಗೊತ್ತಾಗಿದ್ದು ಬಿಡಿ. ಮೊದಲು ರಕ್ತ ಕಂಡಿದ್ದು ಯಾವಾಗ?"

ಅಣ್ಣ ನನ್ನ ಮುಖ ನೋಡಿದ, ನಾನು ಅತ್ತಿಗೆ ಮುಖ ನೋಡಿದೆ. ಊರಲ್ಲಿ ಕೆಲವರು ಇದಕ್ಕೆಲ್ಲ ಕೆ.ಸಿ. ವ್ಯಾಲಿ ನೀರೇ (ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಬಿಡುವುದು) ಕಾರಣ ಅಂತ ಹೇಳಿಕೊಂಡು ತಿರುಗಿದ್ದುಂಟು. ಕೆರೆಗೆ ಆ ನೀರು ಬರುವ ಮೊದಲೇ ಇವನಿಗೆ ಶುರುವಾಗಿತ್ತು ಅನ್ನುವುದು ಮನೆಯವರಿಗೆಲ್ಲ ಗೊತ್ತು. ಆದರೆ ಎಷ್ಟು ಮೊದಲು? ಅತ್ತಿಗೆಯೇ ಹೇಳಿದರು: "ನೋಟು ರದ್ದು ಮಾಡಿದ್ರಲ್ಲ, ಆಗ. ಬ್ಯಾಂಕ್ ಕ್ಯೂನಲ್ಲಿ ನಿಂತಿದ್ದೋರು ಚಪ್ಪಲಿ ಅಲ್ಲೇ ಬಿಟ್ಟು ಓಡಿದ್ರು. ಮೂಲವ್ಯಾಧಿ ಅಂದ್ಕೊಂಡ್ವಿ."

ಅಂದರೆ 2016. ಒಂಬತ್ತು ವರ್ಷ. ಮಧ್ಯದ ವರ್ಷಗಳನ್ನು ಮೂಲವ್ಯಾಧಿ ಗುಣಪಡಿಸುತ್ತೇವೆ ಎಂದು ಬೋರ್ಡು ಹಾಕಿಕೊಂಡವರು ತಿಂದರು. ಒಬ್ಬರೂ ಒಳಗೆ ಇಣುಕಿ ನೋಡಲಿಲ್ಲ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ವರ್ಷಕ್ಕೆ ಇಷ್ಟು ಮಹತ್ವ ಯಾಕೆಂದರೆ, ಮೊದಲ ಲಕ್ಷಣ ಕಂಡು ಸುಮಾರು 8 ವರ್ಷಕ್ಕೆ ಈ ತಪಾಸಣೆ ಶುರುವಾಗಬೇಕು. ಊತ ಗುದನಾಳವನ್ನು ದಾಟದವರಿಗೆ ಈ ನಿಯಮಿತ ತಪಾಸಣೆ ಬೇಕಿಲ್ಲ. ಅಣ್ಣನದು ದೊಡ್ಡ ಕರುಳನ್ನು ಪೂರ್ತಿ ಆವರಿಸಿದ್ದು. ಕರುಳು ಊದುವ ಇನ್ನೊಂದು ಕಾಯಿಲೆಯಾದ ಕ್ರೋನ್ಸ್ ಇರುವವರಿಗೂ ದೊಡ್ಡ ಕರುಳಿನ ಮೂರನೇ ಒಂದು ಭಾಗದಷ್ಟು ಕೆಟ್ಟಿದ್ದರೆ ಇದೇ ಲೆಕ್ಕ. ಪಿತ್ತನಾಳಗಳು ಗಡುಸಾಗಿ ಕಿರಿದಾಗುವ ಕಾಯಿಲೆಯೂ (ಪಿಎಸ್‌ಸಿ ಅನ್ನುತ್ತಾರೆ) ಜೊತೆಗಿದ್ದರೆ ಎಂಟು ವರ್ಷ ಕಾಯುವ ಮಾತೇ ಇಲ್ಲ. ಅದು ಗೊತ್ತಾದಾಗಿನಿಂದಲೇ ವರ್ಷ ವರ್ಷ ನೋಡಬೇಕು. ಲಿವರ್ ರಿಪೋರ್ಟು ಯಾಕೆ ಕೇಳಿದರು ಅಂತ ನನಗೆ ಆಗ ಅರ್ಥವಾಯಿತು. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತಾ ಅಂತಲೂ ಕೇಳಿದರು. ಇಲ್ಲ.

ಅತ್ತಿಗೆಗೆ ಬೇಕಿದ್ದದ್ದು ಒಂದೇ ಉತ್ತರ: ಬರುತ್ತಾ, ಬರಲ್ವಾ? 2001ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ಹಾಕಿದ ಲೆಕ್ಕದಲ್ಲಿ, ಅಲ್ಸರೇಟಿವ್ ಕೊಲೈಟಿಸ್ ಇರುವ ನೂರು ಜನರಲ್ಲಿ ಕಾಯಿಲೆ ಶುರುವಾಗಿ 10 ವರ್ಷಕ್ಕೆ 2, 20 ವರ್ಷಕ್ಕೆ 8, 30 ವರ್ಷಕ್ಕೆ 18 ಜನರಿಗೆ ಕರುಳಿನ ಕ್ಯಾನ್ಸರ್. ಆಮೇಲಿನ ಅಧ್ಯಯನಗಳಲ್ಲಿ ಇದಕ್ಕಿಂತ ಕಡಿಮೆ ಬಂದಿದೆ. ಹೆಚ್ಚಿನವರಿಗೆ ಬರುವುದಿಲ್ಲ, ಅಷ್ಟು ಸಾಕು ಅಂದೆ. ಅತ್ತಿಗೆ ಹದಿನೆಂಟನ್ನೇ ಹಿಡಿದುಕೊಂಡಿದ್ದಾರೆ.

ಪರೀಕ್ಷೆಗಿಂತ ತಯಾರಿಯೇ ದೊಡ್ಡ ರಗಳೆ. ಮುದ್ದೆ, ಸೊಪ್ಪು, ಬೀಜವಿರುವ ತರಕಾರಿ ಯಾವುದೂ ಇಲ್ಲ. ಟೊಮೆಟೊ ಬೆಳೆಯುವವನಿಗೆ ಟೊಮೆಟೊ ಬೇಡ ಅಂದರೆ ನಗದೆ ಏನು ಮಾಡುವುದು? ಬಿಳಿ ಅನ್ನ, ಮಜ್ಜಿಗೆ, ಹಿಂದಿನ ದಿನ ಬರೀ ಎಳನೀರು, ತಿಳಿಸಾರು. ಹೊಟ್ಟೆ ತೊಳೆಯುವ ಪುಡಿಯನ್ನು ನೀರಿಗೆ ಕಲಸಿ ರಾತ್ರಿ ಅರ್ಧ, ಬೆಳಗಿನ ಜಾವ ಇನ್ನರ್ಧ. ಉಪ್ಪುಪ್ಪು, ಹುಳಿಹುಳಿ. ಎರಡನೇ ಅರ್ಧವನ್ನು ಹಿತ್ತಲಿಗೆ ಚೆಲ್ಲಿಬಿಡುತ್ತಾನೇನೋ ಅಂತ ಅತ್ತಿಗೆ ಎದುರಿಗೇ ಕೂತಿದ್ದರು. ಕರುಳಲ್ಲಿ ಸ್ವಲ್ಪ ಉಳಿದರೂ ಕಾಣಬೇಕಾದ್ದು ಕಾಣುವುದಿಲ್ಲ.

ಕಾಣಬೇಕಾದ್ದು ಸಣ್ಣದು ಕೂಡ. ಬೇರೆಯವರಲ್ಲಿ ಕರುಳಿನ ಕ್ಯಾನ್ಸರ್ ಸಾಮಾನ್ಯವಾಗಿ ಪಾಲಿಪ್ ಅನ್ನುವ ಗಂಟಿನಿಂದ ಶುರುವಾಗುತ್ತದೆ. ಇಲ್ಲಿ ಎಷ್ಟೋ ಸಲ ಗಂಟೇ ಇರುವುದಿಲ್ಲ, ಚಪ್ಪಟೆಯಾಗಿ ಒಳಪದರದಲ್ಲೇ ಬೆರೆತಿರುತ್ತದೆ. ಅದಕ್ಕೆ ನೀಲಿ ಬಣ್ಣ ಸಿಂಪಡಿಸಿ ನೋಡುತ್ತಾರೆ, ಏರುತಗ್ಗು ಎದ್ದು ಕಾಣುತ್ತದೆ. ರಿಪೋರ್ಟಿನ ಜೊತೆ ಕೊಟ್ಟ ಫೋಟೋಗಳಲ್ಲಿ ಅಣ್ಣನ ಕರುಳು ಶಾಯಿ ಚೆಲ್ಲಿದ ಹಾಗಿದೆ. ಅವನು ಅದನ್ನು ಮಂಡಿಯವರಿಗೆಲ್ಲ ತೋರಿಸಿಕೊಂಡು ಬಂದಿದ್ದಾನೆ, ಬೇಡ ಅಂದರೂ ಕೇಳದೆ.

ಮಾತ್ರೆಯ ವಿಷಯದಲ್ಲಿ ಮಾತ್ರ ಡಾಕ್ಟರು ಗದರಿದರು. ಆರಾಮಾದ ಕೂಡಲೇ ಊತ ಅಡಗಿಸುವ ಮೆಸಲಮೈನ್ ಮಾತ್ರೆ ಬಿಡುವುದು ಇವನ ಹಳೆಯ ಚಾಳಿ. ವರ್ಷಗಟ್ಟಲೆ ಆರದ ಊತವೇ ಜೀವಕೋಶವನ್ನು ಕೆಡಿಸುವುದು, ಊತ ಅಡಗಿದ್ದಷ್ಟೂ ಅಪಾಯ ಕಡಿಮೆ ಅಂದರು. ಈಗ ಮಾತ್ರೆ ಶೀಟು ಅತ್ತಿಗೆಯ ವಶದಲ್ಲಿದೆ.

ಕಣ್ಣಿಗೆ ಕೆಟ್ಟದ್ದೇನೂ ಕಂಡಿಲ್ಲ. ಬಯಾಪ್ಸಿ (ಕರುಳಿನ ಒಳಪದರದಿಂದ ತೆಗೆದ ಚೂರುಗಳ ಪರೀಕ್ಷೆ) ರಿಪೋರ್ಟು ಮುಂದಿನ ವಾರ. ಮುಂದಿನ ತಪಾಸಣೆ ಒಂದು ವರ್ಷಕ್ಕೋ, ಮೂರಕ್ಕೋ, ಐದಕ್ಕೋ ಅನ್ನುವುದನ್ನು ಅದನ್ನು ನೋಡಿ ಹೇಳುತ್ತಾರೆ. ಐದು ಅಂತ ಅಣ್ಣ ಈಗಲೇ ತೀರ್ಮಾನಿಸಿಬಿಟ್ಟಿದ್ದಾನೆ.