ಅಗ್ರಿಮೆಂಟ್ ಮುಗಿದ ಮೇಲೂ ಹೋಗುತ್ತಿದ್ದ ಹತ್ತು ಪರ್ಸೆಂಟ್

ನನ್ನದು ಇಂಟರ್ನಲ್ ಆಡಿಟ್ ಕೆಲಸ. ಬೇರೆಯವರ ಬಿಲ್ಲು, ವೋಚರ್ ಓದಿ ಸಂಬಳ ತಗೊಳ್ಳುವವನು ನಾನು. 2014ರಲ್ಲಿ, ಇನ್ನೂ ಹೊಸಬನಾಗಿದ್ದಾಗ, ಒಂದು ಕಂಪನಿಯ ಲೆಕ್ಕ ನೋಡುತ್ತಿದ್ದೆ. ಹೆಸರು ಬೇಡ. ಅಲ್ಲಿ ಒಬ್ಬ ಏಜೆಂಟರಿಗೆ ಪ್ರತಿ ಆರ್ಡರ್ ಮೇಲೆ ಕಮಿಷನ್ ಹೋಗುತ್ತಿತ್ತು. ಫೈಲ್ ತೆಗೆದರೆ ಅಗ್ರಿಮೆಂಟ್ ಮುಗಿದು ಎರಡು ವರ್ಷ ಆಗಿತ್ತು. ಅಕೌಂಟ್ಸ್ ಮುಖ್ಯಸ್ಥರನ್ನು ಕೇಳಿದೆ. ಅವರು ಕಾಫಿ ತರಿಸಿದರು. "ಅವ್ರು ನಮ್ಮವ್ರೇ ಕಣ್ರೀ, ರಿನ್ಯೂ ಮಾಡಿಸ್ತೀವಿ ಬಿಡಿ. ಆರ್ಡರ್ ಬರ್ತಾ ಇದೆಯಲ್ಲ!" ಅಂದರು.

ಆರ್ಡರ್ ಬರುತ್ತಿದ್ದದ್ದು ನಿಜ. ಬಿಲ್ ಇತ್ತು, ಸಹಿ ಇತ್ತು, ಟಿಡಿಎಸ್ ಕೂಡ ಸರಿಯಾಗಿ ಕತ್ತರಿಸಿದ್ದರು. ನಾನು ಟಿಕ್ ಹಾಕಿ ಮುಂದಿನ ಪುಟ ತಿರುವಿದೆ.

ಅದು ತಪ್ಪು ಅಂತ ನನಗೆ ಅರ್ಥ ಮಾಡಿಸಿದ್ದು ಆಡಿಟ್ ಪುಸ್ತಕ ಅಲ್ಲ, ಫುಟ್‌ಬಾಲ್. ನಾನು ಬೆಳೆದದ್ದು ಹಲಸೂರಿನ ಹತ್ತಿರ. ಪಕ್ಕದ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ, ಅಂಥ ಜಾಗ. ಹಾಗಾಗಿ 2015ರ ಮೇ 27ರಂದು ಜ್ಯೂರಿಕ್‌ನ ಬೋರ್ ಓ ಲಾಕ್ ಹೋಟೆಲಿಗೆ ಬೆಳಗಿನ ಜಾವ ಪೊಲೀಸರು ನುಗ್ಗಿ ಜಗತ್ತಿನ ಫುಟ್‌ಬಾಲ್ ನಡೆಸುವ ಸಂಸ್ಥೆ ಫಿಫಾದ ಏಳು ಅಧಿಕಾರಿಗಳನ್ನು ಹಿಡಿದರು ಅಂದಾಗ, ಆ ದಿನ ನನ್ನಿಂದ ಕೆಲಸ ಆಗಲಿಲ್ಲ. ಫೋಟೋದವರಿಗೆ ಮುಖ ಕಾಣದಿರಲಿ ಅಂತ ಹೋಟೆಲ್ ಸಿಬ್ಬಂದಿ ಬಿಳಿ ಬೆಡ್‌ಶೀಟ್ ಅಡ್ಡ ಹಿಡಿದಿದ್ದರು. ಅಮೆರಿಕದ ನ್ಯಾಯ ಇಲಾಖೆ 14 ಜನರ ಮೇಲೆ 47 ಆರೋಪ ಹೊರಿಸಿತ್ತು. 24 ವರ್ಷಗಳಲ್ಲಿ 15 ಕೋಟಿ ಡಾಲರಿಗೂ ಜಾಸ್ತಿ ಲಂಚ ಓಡಾಡಿದೆ ಎಂಬುದು ಅದರ ಸಾರ.

ಎಲ್ಲರೂ ಬೆಡ್‌ಶೀಟ್ ನೋಡುತ್ತಿದ್ದರು. ನಾನು ಆಡಿಟ್‌ನವನು, ವೋಚರ್ ಎಲ್ಲಿತ್ತು ಅಂತ ಹುಡುಕಿದೆ. ಉತ್ತರ ಎರಡು ವರ್ಷ ಮೊದಲೇ ಹೊರಬಂದಿತ್ತು. ಉತ್ತರ ಮತ್ತು ಮಧ್ಯ ಅಮೆರಿಕ, ಕೆರಿಬಿಯನ್ ದೇಶಗಳ ಫುಟ್‌ಬಾಲ್ ಒಕ್ಕೂಟಕ್ಕೆ ಕಾನ್ಕಕಾಫ್ ಅಂತ ಹೆಸರು. ಅದೇ ನೇಮಿಸಿದ್ದ ಸಮಿತಿಯೊಂದು 2013ರಲ್ಲಿ ವರದಿ ಕೊಟ್ಟಿತ್ತು. ಬಾರ್ಬಡೋಸ್‌ನ ಮಾಜಿ ಮುಖ್ಯ ನ್ಯಾಯಮೂರ್ತಿ ಡೇವಿಡ್ ಸಿಮನ್ಸ್ ಅದರ ಮುಖ್ಯಸ್ಥರು.

ಅದರಲ್ಲಿ ಚಕ್ ಬ್ಲೇಜರ್ ಕಥೆ ಬರುತ್ತದೆ. ಈ ಅಮೆರಿಕನ್ 1990ರಿಂದ 2011ರವರೆಗೆ ಕಾನ್ಕಕಾಫ್‌ನ ಪ್ರಧಾನ ಕಾರ್ಯದರ್ಶಿ. ಸಂಬಳದ ಬದಲು ಕಮಿಷನ್. ತನ್ನದೇ ಕಂಪನಿಯ ಹೆಸರಿನಲ್ಲಿ ಒಂದು ಅಗ್ರಿಮೆಂಟ್ ಮಾಡಿಕೊಂಡಿದ್ದ: ಸ್ಪಾನ್ಸರ್ ಮತ್ತು ಟಿವಿ ಹಕ್ಕಿನಿಂದ ಒಕ್ಕೂಟಕ್ಕೆ ಬರುವ ಹಣದಲ್ಲಿ ಹತ್ತು ಪರ್ಸೆಂಟ್ ಅವನಿಗೆ. 'ಮಿಸ್ಟರ್ ಟೆನ್ ಪರ್ಸೆಂಟ್' ಅಂತ ಅಡ್ಡಹೆಸರೇ ಬಿತ್ತು. ನ್ಯೂಯಾರ್ಕಿನ ಟ್ರಂಪ್ ಟವರ್‌ನಲ್ಲಿ ಆಫೀಸು, ಅಲ್ಲೇ ಮನೆ. ಪಕ್ಕದ ಇನ್ನೊಂದು ಮನೆಯಲ್ಲಿ ಹೆಚ್ಚಾಗಿ ಇದ್ದದ್ದು ಅವನ ಬೆಕ್ಕುಗಳು ಅಂತ ಪತ್ರಿಕೆಗಳು ಬರೆದವು. ಜಗತ್ತು ನೆನಪಿಟ್ಟುಕೊಂಡದ್ದು ಆ ಬೆಕ್ಕುಗಳನ್ನೇ.

ನಾನು ನಿಂತದ್ದು ಬೇರೆ ಸಾಲಿನ ಮೇಲೆ. ಆ ಅಗ್ರಿಮೆಂಟ್ 1998ರಲ್ಲೇ ಮುಗಿದಿತ್ತು. ಕಮಿಷನ್ ಮಾತ್ರ 2011ರವರೆಗೂ ಹೋಗುತ್ತಲೇ ಇತ್ತು. ಸಮಿತಿಯ ಲೆಕ್ಕದಲ್ಲಿ ಕಮಿಷನ್ ಒಂದೇ ಒಂದೂವರೆ ಕೋಟಿ ಡಾಲರ್ ದಾಟಿತ್ತು.

ಮುಗಿದ ಅಗ್ರಿಮೆಂಟ್, ನಿಲ್ಲದ ಕಮಿಷನ್. ನಾನು ಟಿಕ್ ಹಾಕಿದ ಫೈಲ್ ಕಣ್ಣ ಮುಂದೆ ಬಂತು.

ಹದಿಮೂರು ವರ್ಷ ಯಾರೂ ಕೇಳಲಿಲ್ಲವಾ? ಕೇಳುವ ಕಾರಣವೇ ಇರಲಿಲ್ಲ ನೋಡಿ. ಬ್ಲೇಜರ್ ಬರುವ ಮೊದಲು ಒಕ್ಕೂಟದ ಹತ್ತಿರ ಅಂಥ ದುಡ್ಡಿರಲಿಲ್ಲ. ಒಕ್ಕೂಟದ ದೇಶಗಳ ಗೋಲ್ಡ್ ಕಪ್ ಪಂದ್ಯಾವಳಿ ಶುರುವಾಯಿತು, ಟಿವಿಯವರು ಬಂದರು, ವರಮಾನ ಏರಿತು. "ಆರ್ಡರ್ ಬರ್ತಾ ಇದೆಯಲ್ಲ!"

ಇನ್ನೊಂದು ಕಾರಣವೂ ಇದೆ. ಫಿಫಾದಲ್ಲಿ ಇನ್ನೂರಕ್ಕೂ ಜಾಸ್ತಿ ಸದಸ್ಯ ಸಂಘಗಳಿವೆ. ಅಧ್ಯಕ್ಷರ ಚುನಾವಣೆಯಲ್ಲಿ ಜರ್ಮನಿಗೂ ಒಂದೇ ವೋಟು, ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪಕ್ಕೂ ಒಂದೇ ವೋಟು. ಫಿಫಾ ಕಚೇರಿ ಇರುವ ಜ್ಯೂರಿಕ್‌ನಿಂದ ಅಭಿವೃದ್ಧಿ ಹೆಸರಿನಲ್ಲಿ ಅನುದಾನ ಹೋಗುತ್ತದೆ, ಆ ಕಡೆಯಿಂದ ವೋಟು ಬರುತ್ತದೆ. ವೋಟುಗಳನ್ನು ಕಟ್ಟು ಕಟ್ಟಿ ಕೈಯಲ್ಲಿ ಹಿಡಿದವನ ಲೆಕ್ಕ ಕೇಳಲು ಯಾರಿಗೆ ತಾನೇ ಧೈರ್ಯ?

ಹಾಗೆ ಹಿಡಿದಿದ್ದವರು ಟ್ರಿನಿಡಾಡ್‌ನ ಜ್ಯಾಕ್ ವಾರ್ನರ್, ಕಾನ್ಕಕಾಫ್ ಅಧ್ಯಕ್ಷರು. ಬ್ಲೇಜರ್‌ನ 1990ರ ಅಗ್ರಿಮೆಂಟಿಗೆ ಒಕ್ಕೂಟದ ಪರವಾಗಿ ಸಹಿ ಹಾಕಿದವರೂ ಅವರೇ. ಟ್ರಿನಿಡಾಡ್‌ನಲ್ಲಿ ಒಕ್ಕೂಟಕ್ಕಾಗಿ ತರಬೇತಿ ಕೇಂದ್ರ ಕಟ್ಟಲು ಫಿಫಾದಿಂದ ಸುಮಾರು 2.6 ಕೋಟಿ ಡಾಲರ್ ಬಂತು. ಕೇಂದ್ರವೇನೋ ಎದ್ದು ನಿಂತಿತು. ಅದಕ್ಕೆ ಫಿಫಾದ ಹಳೆಯ ಅಧ್ಯಕ್ಷ ಝ್ವಾವ್ ಅವಲಾಂಜ್ ಅವರ ಹೆಸರನ್ನೂ ಇಟ್ಟರು. ಆದರೆ ಜಾಗ ಇದ್ದದ್ದು ವಾರ್ನರ್ ಕೈಯಲ್ಲಿದ್ದ ಕಂಪನಿಗಳ ಹೆಸರಿನಲ್ಲಿ ಅಂತ ಅದೇ ಸಮಿತಿ ಹೇಳಿತು. ತಪ್ಪು ಮಾಡಿಲ್ಲ ಎಂಬುದು ವಾರ್ನರ್ ಅವರ ವಾದ. 2015ರಲ್ಲಿ ಫಿಫಾ ಅವರಿಗೆ ಆಜೀವ ನಿಷೇಧ ಹಾಕಿತು.

ನಮ್ಮ ಕಡೆ ಮೂವತ್ತು-ನಲವತ್ತರ ಸೈಟು ತಗೊಳ್ಳುವವರು ಕೂಡ ಮೊದಲು ಕೇಳುವುದು ಖಾತಾ ಯಾರ ಹೆಸರಲ್ಲಿದೆ ಅಂತ. ಅಷ್ಟು ಕೋಟಿ ಕಳಿಸಿದವರಿಗೆ ಅದು ಹೊಳೆಯಲಿಲ್ಲ! ಈಗ ಕಟ್ಟಡದ ಖರ್ಚು ಕಂಡರೆ ನಾನು ಸಿಮೆಂಟ್ ಬಿಲ್ ಆಮೇಲೆ ನೋಡುತ್ತೇನೆ, ಜಾಗದ ಪತ್ರ ಮೊದಲು.

ವಾರ್ನರ್ ಬಿದ್ದದ್ದು ಒಂದು ಲಕೋಟೆಯಿಂದ. 2011ರ ಮೇ ತಿಂಗಳು, ಪೋರ್ಟ್ ಆಫ್ ಸ್ಪೇನ್‌ನ ಹೋಟೆಲಿನಲ್ಲಿ ಕೆರಿಬಿಯನ್ ಸಂಘಗಳ ಸಭೆ. ಫಿಫಾ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಕತಾರ್‌ನ ಮೊಹಮ್ಮದ್ ಬಿನ್ ಹಮ್ಮಾಮ್ ಬಂದು ಮಾತಾಡಿದರು. ಆಮೇಲೆ ಪ್ರತಿನಿಧಿಗಳ ಕೈಗೆ ಲಕೋಟೆ ಬಂತು. ಒಳಗೆ 40,000 ಡಾಲರ್ ನಗದು. ಬಹಾಮಾಸ್‌ನಿಂದ ಬಂದಿದ್ದ ಅಧಿಕಾರಿ ಮಾಡಿದ ಕೆಲಸ ನನಗೆ ತುಂಬಾ ಇಷ್ಟ. ಹಣದ ಫೋಟೋ ತೆಗೆದರು, ಆಮೇಲೆ ವಾಪಸ್ ಕೊಟ್ಟರು. ಸುಮ್ನೆ ವಾಪಸ್ ಕೊಟ್ಟಿದ್ದರೆ ಅವರ ಮನಸ್ಸಿಗೆ ನೆಮ್ಮದಿ, ಅಷ್ಟೇ. ಫೋಟೋ ಇದ್ದದ್ದರಿಂದ ಅದು ದಾಖಲೆ ಆಯಿತು. ಮರುದಿನ ವಾರ್ನರ್ ಸಭೆಯಲ್ಲಿ ಗದರಿದ ವಿಡಿಯೋ ಕೂಡ ಆಮೇಲೆ ಹೊರಬಂತು. ಅಷ್ಟೊಂದು ಮಡಿವಂತರಾದರೆ ಹೋಗಿ ಚರ್ಚ್ ತೆರೆಯಿರಿ ಎಂಬರ್ಥದ ಮಾತು ಅದರಲ್ಲಿದೆ.

ಈ ವಿಷಯವನ್ನು ದೂರಾಗಿ ಮೇಲಕ್ಕೆ ಒಯ್ದದ್ದು ಯಾರು ಗೊತ್ತಾ? ಬ್ಲೇಜರ್! ಅದೇ ವರ್ಷ ಅವನ ಬಾಗಿಲಿಗೂ ಎಫ್‌ಬಿಐ ಮತ್ತು ತೆರಿಗೆ ಇಲಾಖೆಯವರು ಬಂದರು. ವರ್ಷಗಟ್ಟಲೆ ರಿಟರ್ನ್ಸ್ ಹಾಕಿರಲಿಲ್ಲ. ಜೈಲಿನ ಭಯಕ್ಕೆ ಅವರ ಜೊತೆ ಸೇರಿದ. 2012ರ ಲಂಡನ್ ಒಲಿಂಪಿಕ್ಸ್‌ಗೆ ಕೀ ಬಂಚ್‌ನಲ್ಲಿ ರೆಕಾರ್ಡರ್ ಅಡಗಿಸಿಕೊಂಡು ಹೋಗಿ ಹಳೆಯ ಗೆಳೆಯರನ್ನು ಮಾತಾಡಿಸಿದ. 2013ರಲ್ಲಿ ತಪ್ಪೊಪ್ಪಿಕೊಂಡ, 2017ರಲ್ಲಿ ತೀರಿಕೊಂಡ. ದೂರು ಕೊಟ್ಟವರ ಲೆಡ್ಜರನ್ನೂ ನೋಡಬೇಕು ಅಂತ ನಾನು ಜೂನಿಯರ್‌ಗಳಿಗೆ ಹೇಳುವುದು ಇದಕ್ಕೇ.

ಇನ್ನೊಂದು ಕಥೆ ಅಕೌಂಟ್ಸ್‌ನವರಿಗೇ ಅಂತ ಹೇಳಿ ಮಾಡಿಸಿದಂತಿದೆ. ವಿಶ್ವಕಪ್ ಹಕ್ಕುಗಳನ್ನು ಮಾರುತ್ತಿದ್ದ ಐಎಸ್‌ಎಲ್ ಎಂಬ ಸ್ವಿಸ್ ಕಂಪನಿ 2001ರಲ್ಲಿ ಮುಳುಗಿತು. ಅದರ ಲೆಕ್ಕ ಕೆದಕಿದಾಗ ಅವಲಾಂಜ್ ಮತ್ತು ಅವರ ಮಾಜಿ ಅಳಿಯ ರಿಕಾರ್ಡೊ ಟೆಶೇರಾ ಅವರಿಗೆ ಹೋದ ಹಣ ಸಿಕ್ಕಿತು. 1997ರಲ್ಲಿ ಅವಲಾಂಜ್ ಅವರಿಗೆ ಹೋಗಬೇಕಿದ್ದ ಒಂದು ಪಾವತಿ ತಪ್ಪಿ ಫಿಫಾದ ಖಾತೆಗೇ ಬಂದುಬಿಟ್ಟಿತ್ತು. ಆಗ ಫಿಫಾದ ಪ್ರಧಾನ ಕಾರ್ಯದರ್ಶಿ ಆಗಿದ್ದವರು ಸೆಪ್ ಬ್ಲಾಟರ್. ಯಾಕೆ ಬಂತು ಅಂತ ವಿಚಾರಣೆ ಆಗಲಿಲ್ಲ, ಹಣ ಅವಲಾಂಜ್ ಅವರಿಗೆ ಹೋಯಿತು. 2013ರಲ್ಲಿ ಫಿಫಾದ ನೀತಿ ನ್ಯಾಯಾಧೀಶ ಹಾನ್ಸ್ ಯೋವಾಕಿಮ್ ಎಕರ್ಟ್ ಇದನ್ನು ನೋಡಿ, ಬ್ಲಾಟರ್ ನಡೆದುಕೊಂಡದ್ದು ಎಡವಟ್ಟು, ನಿಯಮ ಮುರಿದಂತಲ್ಲ ಎಂಬ ತೀರ್ಮಾನ ಕೊಟ್ಟರು. ಎಡವಟ್ಟಂತೆ! ಯಾವುದಕ್ಕೆ ಬಂತು ಅಂತ ಗೊತ್ತಾಗದ ಹಣ ಇಡುವ ನಮ್ಮ ಸಸ್ಪೆನ್ಸ್ ಅಕೌಂಟ್‌ನಲ್ಲಿ ಐದು ಸಾವಿರ ರೂಪಾಯಿ ಕೂತರೆ ಐದು ಮೇಲ್ ಹೋಗುತ್ತವೆ.

ಹಾಗಂತ ಕಾಗದ ಇಲ್ಲದ್ದೆಲ್ಲ ಲಂಚ ಅನ್ನುವ ಹಾಗಿಲ್ಲ. 2011ರಲ್ಲಿ ಫಿಫಾ ಫ್ರಾನ್ಸಿನ ಮಾಜಿ ಆಟಗಾರ ಮಿಶೆಲ್ ಪ್ಲಾಟಿನಿಗೆ 20 ಲಕ್ಷ ಸ್ವಿಸ್ ಫ್ರಾಂಕ್ ಕೊಟ್ಟಿತು. 1998ರಿಂದ 2002ರವರೆಗೆ ಮಾಡಿದ ಸಲಹೆಗಾರನ ಕೆಲಸದ ಬಾಕಿ ಅಂತೆ. ಕಾಗದದಲ್ಲಿ ಇದ್ದದ್ದು ವರ್ಷಕ್ಕೆ 3 ಲಕ್ಷ. ಉಳಿದದ್ದು ಬಾಯಿಮಾತಿನ ಒಪ್ಪಂದ ಎಂದರು ಪ್ಲಾಟಿನಿ ಮತ್ತು ಅಷ್ಟು ಹೊತ್ತಿಗೆ ಫಿಫಾ ಅಧ್ಯಕ್ಷರಾಗಿದ್ದ ಬ್ಲಾಟರ್, ಇಬ್ಬರೂ. ಫಿಫಾ ಇಬ್ಬರನ್ನೂ ನಿಷೇಧಿಸಿತು. ಆದರೆ ಸ್ವಿಸ್ ಕೋರ್ಟುಗಳು 2022ರಲ್ಲೂ 2025ರಲ್ಲೂ ಇಬ್ಬರನ್ನೂ ಖುಲಾಸೆ ಮಾಡಿದವು. ಆಡಿಟ್‌ನವನಾಗಿ ನಾನು ಯಾರನ್ನೂ ಕಳ್ಳ ಅನ್ನಲಾರೆ. ಕಾಗದ ಇಲ್ಲ ಅಂತ ಬರೆಯಬಲ್ಲೆ, ಅಷ್ಟೇ.

2015ರ ಆಡಿಟ್‌ಗೆ ಅದೇ ಕಂಪನಿಗೆ ಹೋದೆ. ಏಜೆಂಟರ ಅಗ್ರಿಮೆಂಟ್ ಕೊಡಿ, ಇಲ್ಲದಿದ್ದರೆ ಇಲ್ಲ ಅಂತ ಬರೆದುಕೊಡಿ ಎಂದೆ. ಈ ಸಲ ಕಾಫಿ ಬರಲಿಲ್ಲ. ಎರಡು ದಿನ ಬಿಟ್ಟು ಅಗ್ರಿಮೆಂಟ್ ಬಂತು. ಮೂರು ವರ್ಷ ಹಿಂದಿನ ತಾರೀಕು, ಎರಡೂ ಕಡೆಯ ಸಹಿ, ಎಲ್ಲ ಅಚ್ಚುಕಟ್ಟು. ಆದರೆ ಮೊದಲ ಪುಟ ಇ-ಸ್ಟಾಂಪ್ ಕಾಗದ. ಅದರ ಮೇಲೆ ಕಾಗದ ತೆಗೆದ ದಿನ, ಗಂಟೆ, ನಿಮಿಷ ಎಲ್ಲ ಅಚ್ಚಾಗಿರುತ್ತದೆ ಎಂಬುದನ್ನು ಮರೆತಿದ್ದರು. ಹಿಂದಿನ ದಿನ ಮಧ್ಯಾಹ್ನದ ಹೊತ್ತು. ಎರಡೂ ತಾರೀಕು ಪಕ್ಕಪಕ್ಕ ಹಾಕಿ ಷರಾ ಬರೆದೆ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಹೋದ ವರ್ಷ ಇದನ್ನು ನೋಡಿಯೂ ಬಿಟ್ಟವನು ನಾನೇ.